ಎ ಪಂಪ್, ಬಿ ಪಂಪ್ ಮತ್ತು ಒಂದು ಹಿಂಜರಿತ

ದೊಡ್ಡ ಕಾರ್ಖಾನೆಯ ಪಂಪ್ ಹೌಸಿಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಜೋಡಿಗಳು. ಒಂದೇ ಅಳತೆಯ, ಒಂದೇ ಬಣ್ಣದ ಎರಡೆರಡು ಪಂಪುಗಳು ಅಕ್ಕಪಕ್ಕ. ಒಂದರ ಮೇಲೆ ‘ಎ’ ಎಂದು ಬರೆದಿರುತ್ತದೆ, ಇನ್ನೊಂದರ ಮೇಲೆ ‘ಬಿ’. ಎ ಓಡುವಾಗ ಬಿ ಸುಮ್ಮನಿರುತ್ತದೆ; ಎ ಕೈಕೊಟ್ಟರೆ ಬಿ ಚಾಲೂ. ಒಳ್ಳೆಯ ದಿನಗಳಲ್ಲಿ ಎ ಪಂಪಿನ ಸೀಲ್ ಸೋರಿತು ಅಂದರೆ ಮೇಂಟೆನೆನ್ಸಿನವರು ಸ್ಟೋರಿಗೆ ಚೀಟಿ ಕಳಿಸುತ್ತಾರೆ. ಸ್ಟೋರಿನವರು ಹೊಸ ಸೀಲ್ ಕೊಟ್ಟು, ಅದರ ಜಾಗಕ್ಕೆ ಇನ್ನೊಂದನ್ನು ತರಿಸಿಡುತ್ತಾರೆ. ಕೆಟ್ಟ ದಿನಗಳಲ್ಲಿ ಚೀಟಿಗೆ ಸಹಿ ಬೀಳುವುದಿಲ್ಲ. ಆಗ ಸ್ಪ್ಯಾನರ್ ಹಿಡಿದು ಪಕ್ಕದ ಬಿ ಪಂಪನ್ನೇ ಬಿಚ್ಚುತ್ತಾರೆ. ಅದರ ಸೀಲ್ ಇದಕ್ಕೆ. ಮುಂದಿನ ತಿಂಗಳು ಅದರ ಬೇರಿಂಗ್, ಆಮೇಲೆ ಇಂಪೆಲರ್. ಆರು ತಿಂಗಳು ಕಳೆಯುವುದರೊಳಗೆ ಬಿ ಪಂಪ್ ಬರೀ ಕೇಸಿಂಗ್ ಆಗಿ, ಮೇಲೊಂದು ಗೋಣಿಚೀಲ ಹೊದ್ದು ಕೂತಿರುತ್ತದೆ.

ಆ ಗೋಣಿಚೀಲದ ಸುದ್ದಿ ಪಂಪ್ ಮಾಡಿ ಮಾರಿದ ಕಂಪನಿಯ ತ್ರೈಮಾಸಿಕ ವರದಿಗೆ ಯಾವಾಗ ಮುಟ್ಟುತ್ತದೆ? ಎಲ್ಲ ಕಂಪನಿಗಳಿಗೂ ಒಂದೇ ಉತ್ತರವಿಲ್ಲ. 2008ರ ಹಿಂಜರಿತದ ಕಾಲದ ಎರಡು ಅಮೆರಿಕನ್ ಪಂಪ್ ಕಂಪನಿಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿ. ಸುರಿದದ್ದು ಒಂದೇ ಮಳೆ. ಒಬ್ಬ ಕೂಡಲೇ ತೊಯ್ದ, ಇನ್ನೊಬ್ಬ ಮಳೆ ನಿಂತ ಮೇಲೆ ತೊಯ್ದ.

ಕೂಡಲೇ ತೊಯ್ದದ್ದು ಗೋರ್ಮನ್-ರಪ್. ಓಹಿಯೋ ರಾಜ್ಯದ ಮ್ಯಾನ್ಸ್‌ಫೀಲ್ಡ್ ಎಂಬ ಊರಿನ ಕಂಪನಿ. ಹುಟ್ಟಿದ್ದು 1933ರಲ್ಲಿ, ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿಲ್ಲದಿದ್ದ ಕಾಲದಲ್ಲಿ. ಗೋರ್ಮನ್, ರಪ್ ಎಂಬ ಇಬ್ಬರು ಎಂಜಿನಿಯರುಗಳು ಊರಾಚೆಯ ಕೊಟ್ಟಿಗೆಯೊಂದರಲ್ಲಿ ಶುರುಮಾಡಿದರು. ಕೆಸರು, ಕಡ್ಡಿ, ಕಸ ಬಂದರೂ ಕಟ್ಟಿಕೊಳ್ಳದ ಪಂಪ್ ಮಾಡಿ ಕಟ್ಟಡ ಕಂತ್ರಾಟುದಾರರಿಗೆ ಮಾರಿದರು. ಬರಗಾಲದಲ್ಲೇ ಹುಟ್ಟಿದ ಮಗುವಿಗೆ ಹಸಿವಿನ ಭಯವಿಲ್ಲ ಎನ್ನಬಹುದು. ಲೆಕ್ಕಪುಸ್ತಕ ಆ ಮಾತು ಕೇಳುವುದಿಲ್ಲ. 2008ರಲ್ಲಿ ಕಂಪನಿಯ ಮಾರಾಟ 33 ಕೋಟಿ ಡಾಲರ್, ಅಲ್ಲಿಯವರೆಗಿನ ದಾಖಲೆ. ಮರುವರ್ಷ 26.6 ಕೋಟಿ. ಐದರಲ್ಲಿ ಒಂದು ಪಾಲು ಹನ್ನೆರಡು ತಿಂಗಳಲ್ಲಿ ಮಾಯ. ಲಾಭ ಅದಕ್ಕಿಂತ ಜೋರಾಗಿ, ಸುಮಾರು ಮೂರನೇ ಒಂದರಷ್ಟು ಬಿತ್ತು. ಪಂಪ್ ಕಡಿಮೆ ಮಾಡಿದರೆ ಕಬ್ಬಿಣದ ಖರ್ಚು ಉಳಿಯುತ್ತದೆ. ಶೆಡ್ಡಿನ ತೆರಿಗೆ, ಯಂತ್ರದ ಸವಕಳಿ, ಡ್ರಾಯಿಂಗ್ ಆಫೀಸಿನ ಸಂಬಳ ಉಳಿಯುವುದಿಲ್ಲ.

ಇಂಥ ಕಂಪನಿಯ ಗಿರಾಕಿ ಯಾರು? ಅಡಿಪಾಯದ ಗುಂಡಿಯಿಂದ ನೀರು ಹೊರಹಾಕುವ ಕಂತ್ರಾಟುದಾರ, ಅವನಿಗೆ ಪಂಪ್ ಬಾಡಿಗೆ ಕೊಡುವವನು, ಚರಂಡಿ ನೀರು ಎತ್ತುವ ನಗರಸಭೆ. ಕಟ್ಟಡದ ಕೆಲಸ ಕುಸಿದ ಕೂಡಲೇ ಮೊದಲಿಬ್ಬರ ಖರೀದಿಯೂ ಕುಸಿಯಿತು. ಬಾಡಿಗೆಗೆ ಹೋಗದೆ ಅಂಗಳದಲ್ಲೇ ಪಂಪುಗಳು ಸಾಲುಗಟ್ಟಿರುವಾಗ ಹೊಸದನ್ನು ಯಾರು ಕೊಳ್ಳುತ್ತಾರೆ? ಇವರ ಪಟ್ಟಿಯಲ್ಲಿ ಬೆಂಕಿ ಆರಿಸುವ ಪಂಪುಗಳೂ ಇದ್ದವು. ಅವು ಬೇರೆ ಜಾತಿ. ಕಟ್ಟಡದ ಕೆಲಸ ಮುಗಿಯುತ್ತ ಬಂದಾಗ ನೆಲಮಾಳಿಗೆಗೆ ಇಳಿಯುವ ಸಾಮಾನು ಅದು; ಎರಡು ವರ್ಷದ ಹಿಂದೆ ಪಾಯ ಹಾಕಿದ ಕಟ್ಟಡಗಳು ಇನ್ನೂ ಮುಗಿಯುತ್ತಿರುವಷ್ಟು ಕಾಲ ಅದಕ್ಕೆ ಬೇಡಿಕೆ ಇರುತ್ತದೆ.

ನಡುವೆ ಡೀಲರ್ ಎಂಬ ಮನುಷ್ಯನಿದ್ದಾನೆ. ಷೇರುಪೇಟೆಯ ಪಂಡಿತರು ಇವನನ್ನು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ತಪ್ಪು. ಒಬ್ಬ ಡೀಲರ್ ತಿಂಗಳಿಗೆ 10 ಪಂಪ್ ಮಾರುತ್ತಾನೆ, ಮೂರು ತಿಂಗಳ ಮಾಲು ಅಂದರೆ 30 ಪಂಪ್ ಗೋದಾಮಿನಲ್ಲಿ ಇಟ್ಟಿರುತ್ತಾನೆ ಎಂದುಕೊಳ್ಳಿ. ಕಂಪನಿಗೆ ಅವನಿಂದ ಮೂರು ತಿಂಗಳಿಗೆ 30 ಪಂಪಿನ ಆರ್ಡರ್. ಹಿಂಜರಿತ ಬಂತು, ಅವನ ವ್ಯಾಪಾರ ತಿಂಗಳಿಗೆ 8ಕ್ಕೆ ಇಳಿಯಿತು. ಇಳಿದದ್ದು ಶೇ 20 ಮಾತ್ರ. ಈಗ ಮೂರು ತಿಂಗಳಿಗೆ ಅವನು ಮಾರುವುದು 24, ಗೋದಾಮಿನಲ್ಲಿ ಇರಬೇಕಾದದ್ದೂ 24. ಹೆಚ್ಚಾದ 6 ಪಂಪ್ ಖಾಲಿಮಾಡಬೇಕು, ಬ್ಯಾಂಕಿನವರು ಬೇರೆ ಕ್ಯಾಶ್ ಕ್ರೆಡಿಟ್ ಮಿತಿ ಕಡಿಮೆ ಮಾಡುತ್ತೇವೆ ಅನ್ನುತ್ತಿದ್ದಾರೆ. ಹಾಗಾಗಿ ಅವನು ಕಂಪನಿಗೆ ಕೊಡುವ ಆರ್ಡರ್ 18. ಕಂಪನಿಯ ಕಣ್ಣಿಗೆ 30 ಇದ್ದದ್ದು 18 ಆಯಿತು, ಶೇ 40 ಕುಸಿತ! ಮುಂದಿನ ತ್ರೈಮಾಸಿಕದಲ್ಲಿ ಗೋದಾಮು ಹದಕ್ಕೆ ಬಂದಿರುತ್ತದೆ, ಆರ್ಡರ್ 24ಕ್ಕೆ ಏರುತ್ತದೆ. ಕಂಪನಿ ‘ಮಾರಾಟದಲ್ಲಿ ಶೇ 33 ಏರಿಕೆ’ ಎಂದು ಹೇಳಿಕೆ ಕೊಡುತ್ತದೆ. ಡೀಲರನ ಅಂಗಡಿಗೆ ಮಾತ್ರ ಒಬ್ಬ ಗಿರಾಕಿಯೂ ಹೆಚ್ಚಿಗೆ ಬಂದಿರುವುದಿಲ್ಲ.

ತಡವಾಗಿ ತೊಯ್ದದ್ದು ಫ್ಲೋಸರ್ವ್. 1997ರಲ್ಲಿ ಎರಡು ಕಂಪನಿಗಳು ಕೂಡಿ ಆದದ್ದು, ಕೇಂದ್ರ ಕಚೇರಿ ಟೆಕ್ಸಾಸಿನಲ್ಲಿ. ತೈಲ ಶುದ್ಧೀಕರಣ ಘಟಕ, ವಿದ್ಯುತ್ ಸ್ಥಾವರ, ರಸಾಯನ ಕಾರ್ಖಾನೆಗಳಿಗೆ ಬೇಕಾಗುವ ಭಾರಿ ಪಂಪುಗಳು ಇವರ ಕಸುಬು. ಇವನ್ನು ಅಂಗಡಿಯ ಕಪಾಟಿನಿಂದ ತೆಗೆದುಕೊಡಲು ಆಗುವುದಿಲ್ಲ. ಮೊದಲು ಡ್ರಾಯಿಂಗ್ ಹೋಗಬೇಕು, ಗಿರಾಕಿಯ ಎಂಜಿನಿಯರ್ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಬೇಕು, ಮತ್ತೆ ಹೋಗಬೇಕು. ಆಮೇಲೆ ಮರಳಿನಲ್ಲಿ ಅಚ್ಚು ಮೂಡಿಸುವ ಪ್ಯಾಟರ್ನ್, ಎರಕ, ಯಂತ್ರದ ಕೆಲಸ, ಒತ್ತಡದ ಪರೀಕ್ಷೆ. ಟೆಸ್ಟ್ ಬೆಡ್ ಮೇಲೆ ಗಿರಾಕಿಯ ಕಡೆಯವನ ಎದುರಿಗೇ ಓಡಿಸಿ ತೋರಿಸಿ ಸಹಿ ಪಡೆಯಬೇಕು. ಆರ್ಡರ್ ಬಂದ ದಿನದಿಂದ ಲಾರಿ ಹೊರಡುವ ದಿನಕ್ಕೆ ಒಂಬತ್ತು ತಿಂಗಳು, ವರ್ಷ ಹಿಡಿಯುವುದು ಮಾಮೂಲು.

2008ರ ಜುಲೈಯಲ್ಲಿ ಕಚ್ಚಾತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತ್ತು. ಸೆಪ್ಟೆಂಬರ್ 15ಕ್ಕೆ ಲೇಮನ್ ಬ್ರದರ್ಸ್ ಬ್ಯಾಂಕ್ ದಿವಾಳಿ. ಡಿಸೆಂಬರ್ ಹೊತ್ತಿಗೆ ತೈಲ 40 ಡಾಲರಿಗಿಂತ ಕೆಳಗೆ. ಹೊಸ ರಿಫೈನರಿ ಕಟ್ಟುತ್ತೇನೆ ಎಂದವರಲ್ಲಿ ಅನೇಕರು ಫೈಲು ಮುಚ್ಚಿದರು. ಫ್ಲೋಸರ್ವ್‌ಗೆ 2008ರಲ್ಲಿ ಬಂದ ಹೊಸ ಆರ್ಡರುಗಳ ಮೊತ್ತ ಸುಮಾರು 510 ಕೋಟಿ ಡಾಲರ್; 2009ರಲ್ಲಿ 390 ಕೋಟಿಯ ಆಸುಪಾಸು. ಕಾಲು ಭಾಗದ ಹತ್ತಿರ ಹೋಯಿತು. ಆದರೆ ಮಾರಾಟ? 2008ರಲ್ಲಿ 447 ಕೋಟಿ, 2009ರಲ್ಲಿ 436 ಕೋಟಿ. ಚರ್ಮ ತರಚಿದಂತೆ, ಅಷ್ಟೇ. ಹಿಂಜರಿತ ಅಧಿಕೃತವಾಗಿ ಮುಗಿದದ್ದು 2009ರ ಜೂನಿನಲ್ಲಿ. ಫ್ಲೋಸರ್ವ್‌ನ ಮಾರಾಟ ನಿಜವಾಗಿ ಜಾರಿದ್ದು ಅದರ ಮರುವರ್ಷ, 403 ಕೋಟಿಗೆ. ಅದೇ 2010ರಲ್ಲಿ ಹೊಸ ಆರ್ಡರುಗಳು ಏರತೊಡಗಿದ್ದವು! ಒಂದೇ ವರದಿಯಲ್ಲಿ ಒಂದು ಅಂಕಿ ಇಳಿಯುತ್ತಿತ್ತು, ಇನ್ನೊಂದು ಏರುತ್ತಿತ್ತು. ಬರೀ ಮಾರಾಟ ನೋಡಿದವನು 2009ರಲ್ಲಿ ನಿಶ್ಚಿಂತೆಯಿಂದ ಮಲಗಿ 2010ರಲ್ಲಿ ಗಾಬರಿಯಿಂದ ಎದ್ದ. ಎರಡೂ ಸಲ ಅವನು ತಪ್ಪಿದ್ದ. ಮಾರಾಟ ಎಂಬುದು ವರ್ಷದ ಹಿಂದೆ ಪೋಸ್ಟ್ ಮಾಡಿದ ಕಾಗದ. ಇವತ್ತು ಕೈಸೇರಿದೆ ಎಂದ ಮಾತ್ರಕ್ಕೆ ಅದರಲ್ಲಿರುವುದು ಇವತ್ತಿನ ಸುದ್ದಿಯಲ್ಲ.

ಆರ್ಡರ್ ಕೊಟ್ಟವನು ರದ್ದು ಮಾಡುವುದು ಅಪರೂಪ, ದಂಡ ಕಟ್ಟಬೇಕಾಗುತ್ತದೆ. ‘ಸ್ವಲ್ಪ ತಡೆಯಿರಿ, ಸೈಟ್ ರೆಡಿ ಇಲ್ಲ’ ಎನ್ನುತ್ತಾನೆ. ಟೆಸ್ಟ್ ಆಗಿ, ಬಣ್ಣ ಬಳಿದು, ಮರದ ಪೆಟ್ಟಿಗೆಯಲ್ಲಿ ಕೂತ ಪಂಪ್ ಟಾರ್ಪಾಲಿನ ಕೆಳಗೆ ಅಂಗಳದಲ್ಲೇ ಉಳಿಯುತ್ತದೆ. ಲಾರಿ ಹೊರಡದೆ ಬಿಲ್ ಇಲ್ಲ, ಬಿಲ್ ಇಲ್ಲದೆ ಮಾರಾಟವಿಲ್ಲ. ಎರಕದವನ ದುಡ್ಡು ಮಾತ್ರ ಯಾವತ್ತೋ ಕೊಟ್ಟಾಗಿದೆ. ಇದರ ಮೇಲೆ ದರದ ಜಗ್ಗಾಟ. ಸ್ಟೇನ್‌ಲೆಸ್ ಸ್ಟೀಲಿಗೆ ಬೀಳುವ ನಿಕ್ಕಲ್ 2007ರ ಮೇ ತಿಂಗಳಲ್ಲಿ ಟನ್ನಿಗೆ 50,000 ಡಾಲರ್ ದಾಟಿತ್ತು. 2008ರ ಕೊನೆಗೆ 10,000ದ ಹತ್ತಿರ ಬಂದು ಬಿದ್ದಿತ್ತು. ಗಿರಾಕಿಯ ಖರೀದಿ ವಿಭಾಗದವರಿಗೂ ಪತ್ರಿಕೆ ಓದಲು ಬರುತ್ತದಲ್ಲ, ‘ಲೋಹ ಇಳಿದಿದೆ, ನೀವೂ ಇಳಿಸಿ’ ಎಂದು ಹಿಡಿದು ಕೂರುತ್ತಾರೆ. ಅಷ್ಟೇ ಪಂಪ್ ಮಾರಿದರೂ ಬಿಲ್ಲಿನ ಮೊತ್ತ ಕುಗ್ಗುತ್ತದೆ.

ಸರಕಾರದ ಹಣ ಇಂಥ ಹೊತ್ತಿನಲ್ಲಿ ಕೈ ಹಿಡಿಯುತ್ತದೆ ಎಂಬ ಮಾತಿದೆ. ಹಿಡಿಯುತ್ತದೆ, ನಿಧಾನವಾಗಿ. 2009ರ ಫೆಬ್ರುವರಿಯಲ್ಲಿ ಅಮೆರಿಕ ತಂದ ಉತ್ತೇಜನ ಕಾಯ್ದೆಯಲ್ಲಿ ಕುಡಿಯುವ ನೀರು, ಚರಂಡಿ ಕಾಮಗಾರಿಗಳ ಸಾಲನಿಧಿಗೆ 600 ಕೋಟಿ ಡಾಲರ್ ಇತ್ತು. ಅದರ ಜೊತೆ ಅಮೆರಿಕದ್ದೇ ಸಾಮಾನು ಬಳಸಬೇಕೆಂಬ ಷರತ್ತೂ ಇತ್ತು. ಅರ್ಜಿ, ಟೆಂಡರ್, ಷರತ್ತು ದಾಟಿ ಪಂಪಿನ ಆರ್ಡರ್ ಆಗುವಷ್ಟರಲ್ಲಿ ಎಷ್ಟು ತ್ರೈಮಾಸಿಕಗಳು ಉರುಳುತ್ತವೆ ಎಂಬುದನ್ನು ನಮ್ಮ ಪುರಸಭೆಗಳ ಕೆಲಸ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೊದಲು ಚೇತರಿಸುವುದು ಬಿಡಿಭಾಗ. ಉತ್ಪಾದನೆ ಏರಿ, ಎ ಪಂಪಿನ ಮೇಲೆ ಹೊರೆ ಬಿದ್ದು, ಒಂದು ರಾತ್ರಿ ಅದು ನಿಂತೇ ಹೋದಾಗ ಎಲ್ಲರ ಕಣ್ಣೂ ಗೋಣಿಚೀಲದ ಕಡೆ ತಿರುಗುತ್ತದೆ. ಸೀಲ್, ಬೇರಿಂಗ್, ಇಂಪೆಲರ್, ಶಾಫ್ಟ್ ಸ್ಲೀವ್ ಎಲ್ಲವೂ ಒಟ್ಟಿಗೇ, ನಾಳೆಯೇ ಬೇಕು. ಆ ಹೊತ್ತಿನಲ್ಲಿ ದರದ ಚೌಕಾಸಿ ನಡೆಯುವುದಿಲ್ಲ. ದೊಡ್ಡ ಪಂಪ್ ಕಂಪನಿಗಳು ರಿಪೇರಿ ಕೇಂದ್ರಗಳ ಜಾಲವನ್ನು ಮುತುವರ್ಜಿಯಿಂದ ಕಟ್ಟಿಕೊಂಡಿರುವುದು ಈ ರಾತ್ರಿಗಾಗಿ.

ನಮ್ಮ ಕಡೆ ಈ ಲೆಕ್ಕಕ್ಕೆ ಇನ್ನೊಂದು ಗಂಟು ಸೇರುತ್ತದೆ. ಮಾರ್ಚ್ ಕೊನೆಯ ಬಿಲ್ಲುಗಳಿಂದ ಜನವರಿ-ಮಾರ್ಚ್ ತ್ರೈಮಾಸಿಕ ಉಬ್ಬಿರುತ್ತದೆ. ಕೃಷಿ ಪಂಪಿನ ವ್ಯಾಪಾರ ಬಿಸಿಲಿಗೆ ಏರಿ ಮಳೆಗೆ ಇಳಿಯುತ್ತದೆ. ಆದ್ದರಿಂದ ಜೂನ್ ತ್ರೈಮಾಸಿಕವನ್ನು ಮಾರ್ಚಿನ ಜೊತೆ ಹೋಲಿಸಿ ಹಿಂಜರಿತ ಬಂತು ಎನ್ನುವವರನ್ನು ನಂಬಬಾರದು. ಕಳೆದ ವರ್ಷದ ಜೂನಿನ ಪಕ್ಕ ಇಡಬೇಕು.

ತ್ರೈಮಾಸಿಕ ವರದಿಗಿಂತ ಮೊದಲೇ ಸುದ್ದಿ ಮುಟ್ಟುವ ಜಾಗವೂ ನಮ್ಮ ಕಡೆ ಇದೆ, ಬೆಳಗಾವಿಯ ಫೌಂಡ್ರಿ. ಭಾರತದ ಪಂಪ್ ಉದ್ಯಮದ ದೊಡ್ಡ ಹೆಸರಾದ ಕಿರ್ಲೋಸ್ಕರ್ ಮನೆತನದ ಲಕ್ಷ್ಮಣರಾವ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ವ್ಯಾಪಾರ ಶುರುವಾದದ್ದು ಬೆಳಗಾವಿಯ ಸೈಕಲ್ ಅಂಗಡಿಯಲ್ಲಿ. 1910ರಲ್ಲಿ ಅವರು ಕಾರ್ಖಾನೆಯನ್ನು ಈಗಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿಗೆ ಒಯ್ದರು. ಕಾರ್ಖಾನೆ ಹೋದರೂ ಕಬ್ಬಿಣ ಕರಗಿಸುವ ಕೆಲಸ ಬೆಳಗಾವಿಯನ್ನು ಬಿಡಲಿಲ್ಲ. ಅಲ್ಲಿನ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಲ್ಲಿ ಇವತ್ತಿಗೂ ಪಂಪು, ವಾಲ್ವುಗಳ ಎರಕ ನಡೆಯುತ್ತದೆ.

ಇಂಥ ಫೌಂಡ್ರಿಯ ಒಂದು ಮೂಲೆಯಲ್ಲಿ ಪ್ಯಾಟರ್ನ್ ರ‍್ಯಾಕ್ ಇರುತ್ತದೆ. ಕೈಗೆ ಎಟುಕುವ ಹಲಗೆಯಲ್ಲಿ ಓಡುವ ಐಟಂಗಳು, ಮರಳಿನ ಉಜ್ಜಾಟಕ್ಕೆ ಮೂಲೆಗಳು ನುಣುಪಾಗಿ ಹೊಳೆಯುತ್ತಿರುತ್ತವೆ. ಓಡದವು ಮೇಲೆ, ಏಣಿ ಹಾಕಿದರೆ ಮಾತ್ರ ಸಿಗುವ ಅಟ್ಟದಲ್ಲಿ, ದೂಳು ಹೊದ್ದುಕೊಂಡು. ಪಂಪ್ ಕಂಪನಿಯ ಪರ್ಚೇಸಿನವರು ಫೋನು ಮಾಡಿ ‘ಈ ತಿಂಗಳ ಶೆಡ್ಯೂಲ್ ಹಿಡೀರಿ, ಮುಂದಿನದು ಹೇಳ್ತೀವಿ’ ಅಂದರೆ ಮೌಲ್ಡಿಂಗ್ ಸೂಪರ್‌ವೈಸರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಕಂಪನಿಯ ಮಾರಾಟ ದಾಖಲೆ ಮುಟ್ಟಿದೆ ಎಂದು ಮುಂಬೈಯಲ್ಲಿ ಯಾರೋ ಬರೆಯುತ್ತಿರುವ ವಾರದಲ್ಲೇ, ಇಲ್ಲಿ ಇಬ್ಬರು ಹುಡುಗರು ಏಣಿ ಹಾಕಿ ದೊಡ್ಡ ಕೇಸಿಂಗಿನ ಪ್ಯಾಟರ್ನನ್ನು ಅಟ್ಟಕ್ಕೆ ಏರಿಸುತ್ತಿರುತ್ತಾರೆ.