ಹಲಗೆಯ ಮೇಲಿಲ್ಲದ ಹೆಸರುಗಳು

ಮೈಸೂರಿನಿಂದ ಅರಸೀಕೆರೆ ಕಡೆಗೆ ಹೊರಟ ರೈಲು ಸಾಗರಕಟ್ಟೆಯ ಹಿನ್ನೀರು ದಾಟಿದ ಮೇಲೆ, ಕೆ.ಆರ್. ನಗರಕ್ಕೆ ಒಂದು ನಿಲ್ದಾಣ ಮೊದಲು ಡೋರನಹಳ್ಳಿ ಸಿಗುತ್ತದೆ. ಉಳಿದ ದಿನಗಳಲ್ಲಿ ಹೊಲಗದ್ದೆಗಳ ನಡುವಿನ ಊರು. ಜೂನ್ 13 ಬಂತೆಂದರೆ ಕಾಲಿಡಲು ಜಾಗವಿರುವುದಿಲ್ಲ. ಅಂದು ಸಂತ ಅಂತೋಣಿಯವರ ಹಬ್ಬ. ಹಣೆಗೆ ವಿಭೂತಿ ಇಟ್ಟ ಯಜಮಾನರು, ಮಡಿಲಲ್ಲಿ ಕೂಸು ಕಟ್ಟಿಕೊಂಡ ಬಾಣಂತಿಯರು, ಮೇಣದ ಬತ್ತಿಯ ಕಟ್ಟು ಹಿಡಿದ ಹೈಕಳು ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಯಾರ ಜಾತಿ ಯಾವುದು, ಯಾರ ದೇವರು ಯಾರು ಎಂದು ಆ ಸಾಲಿನಲ್ಲಿ ಕೇಳುವವರಿಲ್ಲ.

ಈ ಕ್ಷೇತ್ರಕ್ಕೆ ಸುಮಾರು ಇನ್ನೂರು ವರ್ಷಗಳ ಕತೆಯಿದೆ. ರೈತನೊಬ್ಬ ಉಳುತ್ತಿದ್ದಾಗ ನೇಗಿಲಿಗೆ ಮರದ ಪ್ರತಿಮೆ ತಗುಲಿತಂತೆ. ಗೊಂಬೆಯೆಂದು ಅಸಡ್ಡೆ ಮಾಡಿದವನ ಮನೆಗೆ ಕಷ್ಟದ ಮೇಲೆ ಕಷ್ಟ ಬಂತಂತೆ. ಕೊನೆಗೆ ಪಾದ್ರಿಯೊಬ್ಬರು ನೋಡಿ, ಇವರು ಪದುವಾದ ಅಂತೋಣಿಯವರು ಎಂದು ಗುರುತು ಹೇಳಿದರಂತೆ. 2019ರಲ್ಲಿ ಪೋಪ್ ಫ್ರಾನ್ಸಿಸ್ ಇಲ್ಲಿನ ದೇವಾಲಯಕ್ಕೆ ಬಸಿಲಿಕದ ಪದವಿ ಕೊಟ್ಟರು. ನನ್ನ ಮನಸ್ಸು ಮಾತ್ರ ಮತ್ತೆ ಮತ್ತೆ ಆ ಪಾದ್ರಿಯ ಹತ್ತಿರವೇ ಹೋಗುತ್ತದೆ. ಕತೆ ಹೇಳುವವರು ಸಾಮಾನ್ಯವಾಗಿ ಅವರ ಹೆಸರು ಹೇಳುವುದಿಲ್ಲ. ಬಂದರು, ಗುರುತು ಹಿಡಿದರು, ಹೋದರು, ಅಷ್ಟೇ.

ಆ ಕಾಲದವರಲ್ಲಿ ಹೆಸರು ಉಳಿದಿರುವುದು ಅಬ್ಬೆ ದ್ಯುಬ್ವಾ ಅವರದು. ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಈ ಫ್ರೆಂಚ್ ಪಾದ್ರಿ ಭಾರತಕ್ಕೆ ಬಂದದ್ದು 1792ರಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಚದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸುವ ಕೆಲಸ ಅವರ ಹೆಗಲಿಗೆ ಬಿತ್ತು. ಗಂಜಾಂನ ಗುಡಿ ಇಂದಿಗೂ ಅವರ ಹೆಸರಿನಲ್ಲಿದೆ. ನಮ್ಮವರ ಉಡುಗೆ ಉಟ್ಟು, ಮಾಂಸ ಬಿಟ್ಟು, ಜನರ ನಡುವೆ ಬದುಕಿದ ಅವರನ್ನು ಊರವರು ದೊಡ್ಡ ಸ್ವಾಮಿಯವರು ಎಂದೇ ಕರೆದರು. ಹಿಂದೂಗಳ ಆಚಾರ ವಿಚಾರಗಳ ಮೇಲೆ ಅವರು ಬರೆದ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡು, 1816ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿತು. ಆ ಗ್ರಂಥದ ಎಷ್ಟೋ ಮಾತುಗಳನ್ನು ನಾನು ಒಪ್ಪುವುದಿಲ್ಲ. ನಮ್ಮವರ ಬಗ್ಗೆ ಅಲ್ಲಿ ನಿಷ್ಠುರವಾದ ತೀರ್ಪುಗಳಿವೆ. ಆದರೆ ಸಿಡುಬು ಮನೆಮನೆ ನುಗ್ಗಿದ ಕಾಲದಲ್ಲಿ, ದೇವಿ ಹಾಕಿಸಿಕೊಳ್ಳಲು ಜನ ಹೆದರುತ್ತಿದ್ದಾಗ, ಊರೂರು ತಿರುಗಿ ತೋಳು ಚಾಚಿಸಿದ ಮನುಷ್ಯನಿಗೆ ಕೈ ಮುಗಿಯದೆ ಇರಲಾರೆ.

ಅವರ ಹಿಂದೆ ಬಂದವರೂ ಹೆಚ್ಚಾಗಿ ಅದೇ ಸಂಸ್ಥೆಯವರು. ಪ್ಯಾರಿಸಿನ ಬಾಕ್ ಬೀದಿಯ ಅವರ ಮಠದಲ್ಲಿ ಬೀಳ್ಕೊಡುಗೆಯ ಒಂದು ವಿಧಿಯಿತ್ತು. ಹೊರಡುವ ಎಳೆಯ ಪಾದ್ರಿಗಳು ಬಲಿಪೀಠದ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಗುರುಗಳು, ಗೆಳೆಯರು, ಹೆತ್ತ ತಂದೆಯೂ ಬಂದು ಆ ಹುಡುಗರ ಪಾದಕ್ಕೆ ಮುತ್ತಿಡುತ್ತಿದ್ದರು. ಹೋದವರು ಮರಳಿ ಬರುವುದಿಲ್ಲವೆಂದೇ ಲೆಕ್ಕ. ಹಾಗೆ ಮುತ್ತಿಡಿಸಿಕೊಂಡು ಹೊರಟ ಪಾದಗಳಲ್ಲಿ ಕೆಲವು ಕಾವೇರಿ ದಡದ ಕೆಸರು ತುಳಿದವು. ಒಬ್ಬರೇ ಸ್ವಾಮಿಯವರ ಸುಪರ್ದಿಗೆ ಹತ್ತಾರು ಹಳ್ಳಿ. ಎತ್ತಿನ ಗಾಡಿ, ಕುದುರೆ, ಆಮೇಲೆ ಸೈಕಲ್ಲು. ಪೂಜೆಯ ಬಟ್ಟಲು, ವಸ್ತ್ರ, ಎಣ್ಣೆ ತುಂಬಿದ ಪೆಟ್ಟಿಗೆ ಹೊತ್ತು ಜೊತೆಗೆ ನಡೆಯುತ್ತಿದ್ದವರು ಊರಿನ ಉಪದೇಶಿ. ಜಗಳ ಬಿಡಿಸುವುದು, ಕಾಗದ ಓದಿ ಹೇಳುವುದು, ಜ್ವರಕ್ಕೆ ಗುಳಿಗೆ ಕೊಡುವುದು ಎಲ್ಲ ಅದೇ ಪ್ರಯಾಣದೊಳಗೆ.

ಅವರು ಬರೆದಿಟ್ಟ ಜ್ಞಾನಸ್ನಾನದ ರಿಜಿಸ್ಟರನ್ನು ಒಮ್ಮೆ ತೆರೆದು ನೋಡಬೇಕು. ಮೂಲೆ ಸವೆದ ಉದ್ದನೆಯ ಪುಸ್ತಕ, ಕಂದಿದ ಶಾಯಿ. ಲ್ಯಾಟಿನ್ ಭಾಷೆಯಲ್ಲಿ ಒಂದು ಸಾಲು: ಇಂಥ ದಿನ ಹುಟ್ಟಿದ, ಇಂಥವರ ಮಗುವಿಗೆ ನಾನು ಜ್ಞಾನಸ್ನಾನ ಕೊಟ್ಟೆ. ತಂದೆ, ತಾಯಿ, ಜ್ಞಾನಪಿತ, ಜ್ಞಾನಮಾತೆ, ಕೊನೆಯಲ್ಲಿ ಸ್ವಾಮಿಯವರ ರುಜು. ಅಂತೋಣಪ್ಪ ಅಲ್ಲಿ ಅಂತೋನಿಯುಸ್, ಚೌರಪ್ಪ ಅಲ್ಲಿ ಕ್ಸಾವೇರಿಯುಸ್. ಭೂಮಿಯಿಲ್ಲದ, ಪಟ್ಟೆಪತ್ರವಿಲ್ಲದ ಎಷ್ಟೋ ಕೂಲಿಯವರ ಹೆಸರು ಕಾಗದದ ಮೇಲೆ ಮೊದಲು ಬಿದ್ದದ್ದು ಆ ಸಾಲುಗಳಲ್ಲಿ. ಅಪ್ಪ ಅಮ್ಮನ ಹೆಸರು ಸಮೇತ ನೀನು ಹುಟ್ಟಿದ್ದು ನಿಜವೆಂದು ಸಾಕ್ಷಿ ಹೇಳುವ ಪುಸ್ತಕ ಅದು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, ಅಂದರೆ 1960ರ ದಶಕದಲ್ಲಿ, ಪೂಜೆಯೂ ಕನ್ನಡಕ್ಕೆ ತಿರುಗಿತು. ಅದೇ ಹೊತ್ತಿಗೆ ಮೈಸೂರು ಧರ್ಮಪ್ರಾಂತ್ಯದ ಚುಕ್ಕಾಣಿಯೂ ಕೈ ಬದಲಾಯಿಸಿತು: ಫ್ರೆಂಚ್ ಬಿಷಪ್ ರೆನೆ ಫ್ಯೂಗಾ 1962ರಲ್ಲಿ ಇಳಿದರು, ನಮ್ಮವರೇ ಆದ ಮಥಾಯಸ್ ಫರ್ನಾಂಡಿಸ್ ಬಂದರು.

ಹಳೆಯ ಗುಡಿಗಳ ಒಳಗೆ ಸಾಮಾನ್ಯವಾಗಿ ಒಂದು ಹಲಗೆ ಇರುತ್ತದೆ: ಇಲ್ಲಿ ಸೇವೆ ಮಾಡಿದ ಗುರುಗಳು, ಬಂದ ವರ್ಷ, ಹೋದ ವರ್ಷ. ಕೆಲವು ಕಡೆ ಸಮಾಧಿಯೂ ಉಂಟು. ನವೆಂಬರ್ 2ರ ಮೃತರ ದಿನ ಅದಕ್ಕೆ ಸುಣ್ಣ ಬಳಿದು, ಚೆಂಡುಹೂ ಇಟ್ಟು ಬತ್ತಿ ಹಚ್ಚುತ್ತಾರೆ. ಆದರೆ ಆ ಹಲಗೆಯ ಮೇಲೆ ಸಿಸ್ಟರುಗಳ ಹೆಸರು ಹುಡುಕಿ ನೋಡಿ. ಬಹಳ ಕಡೆ ಸಿಗುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಗುಡ್ ಶೆಫರ್ಡ್ ಸನ್ಯಾಸಿನಿಯರು ಬೆಂಗಳೂರಿಗೆ ಬಂದದ್ದು 1854ರಲ್ಲಿ. ತಾರ್ಬಿನ ಸಂತ ಜೋಸೆಫರ ಸನ್ಯಾಸಿನಿಯರು 1882ರಲ್ಲಿ. ದೊಡ್ಡ ಊರುಗಳಲ್ಲಿ ಕಾನ್ವೆಂಟು, ಆಸ್ಪತ್ರೆ ಎದ್ದವು. ಹಳ್ಳಿಯ ಹೆಣ್ಣಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ನೆರವು ಹೆರಿಗೆಯದು. ಅದನ್ನು ಮಾಡಿಸಲು ಮಾತ್ರ ಸನ್ಯಾಸಿನಿಯರಿಗೆ ರೋಮಿನ ಅಪ್ಪಣೆ ಇರಲಿಲ್ಲ. ವ್ರತ ಹಿಡಿದವರಿಗೆ ಅದು ಸಲ್ಲದೆಂಬ ಕಟ್ಟು. ರಾವಲ್ಪಿಂಡಿಯಲ್ಲಿ ಪರಪುರುಷನ ಮುಖ ನೋಡಲಾರದೆ ವೈದ್ಯರಿಲ್ಲದೆ ಸಾಯುತ್ತಿದ್ದ ಹೆಂಗಸರನ್ನು ಕಂಡ ಆ್ಯಗ್ನೆಸ್ ಮೆಕ್ಲಾರೆನ್, ಆ್ಯನಾ ಡೆಂಗೆಲ್ ಎಂಬ ವೈದ್ಯೆಯರು ಪಟ್ಟು ಹಿಡಿದು ಕೇಳಿದರು. 1936ರಲ್ಲಿ ಕಟ್ಟು ಸಡಿಲವಾಯಿತು. ನಮ್ಮ ತಾಲ್ಲೂಕುಗಳ ಸಿಸ್ಟರುಗಳು ಸೂಲಗಿತ್ತಿಯ ಪಕ್ಕ ಕೂರಲು ಸಾಧ್ಯವಾದದ್ದು ಆಮೇಲೆ.

ಹೆಗ್ಗಡದೇವನಕೋಟೆಯ ಕಾಡಂಚು ಮಲೇರಿಯಾಕ್ಕೆ ಹೆಸರಾಗಿದ್ದ ಸೀಮೆ. ಕಬಿನಿ ಅಣೆಕಟ್ಟಿನ ನೀರು ಊರುಗಳನ್ನು ನುಂಗಿತು. ನಾಗರಹೊಳೆಯ ಒಳಗಿದ್ದ ಜೇನುಕುರುಬರು ಕಾಡಿನಿಂದ ಹೊರಬಿದ್ದರು. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಬ್ಯಾರನ್ನು ಉರಿಯುವ ತಿಂಗಳುಗಳಲ್ಲಿ ಕೂಲಿ ಹೆಂಗಸರಿಗೆ ರಾತ್ರಿ ಹಗಲೆಂಬುದಿಲ್ಲ. ಇಂಥ ಕಡೆಗೆ ಕೇರಳದಿಂದ, ಮಂಗಳೂರಿನಿಂದ ಬಂದ ಸಿಸ್ಟರುಗಳು ಕನ್ನಡವನ್ನು ರೋಗಿಗಳ ಬಾಯಿಂದಲೇ ಕಲಿತರು. ಬೆಳಿಗ್ಗೆ ಪೂಜೆ ಮುಗಿಸಿ, ಬಿಳಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಹೆಗಲಿಗೆ ಚೀಲ ಹಾಕಿ ಹಾಡಿಯ ದಾರಿ ಹಿಡಿಯುವುದು. ಚೀಲದಲ್ಲಿ ಡೆಟಾಲು, ಹತ್ತಿ, ಕ್ಲೋರೋಕ್ವಿನ್ ಗುಳಿಗೆ, ಹೊಕ್ಕುಳ ಬಳ್ಳಿ ಕಟ್ಟುವ ದಾರ, ಕುದಿಸಿ ಬಟ್ಟೆಯಲ್ಲಿ ಸುತ್ತಿದ ಕತ್ತರಿ. ಒಲೆಯ ಮೇಲೆ ಬಿಸಿನೀರು ಇಡಿಸಿ, ಗಂಡಸರನ್ನು ಆಚೆ ಕಳಿಸಿ, ಚಿಮಣಿಯನ್ನು ಹತ್ತಿರ ಹಿಡಿಯಲು ಅತ್ತೆಗೆ ಹೇಳಿ, ಮೊಣಕಾಲೂರಿ ಕೂತರೆ ಮಗು ಅಳುವ ತನಕ ಏಳುತ್ತಿರಲಿಲ್ಲ. ಸಂಜೆ ಕಾನ್ವೆಂಟಿನ ಜಗುಲಿಯಲ್ಲಿ ಹೊಲಿಗೆ ಯಂತ್ರದ ಪಾಠ. ಹೆಣ್ಣುಮಗಳನ್ನು ಏಳನೇ ಕ್ಲಾಸಿಗೇ ಬಿಡಿಸಲು ಬಂದ ಅಪ್ಪನ ಜೊತೆ ವಾದ.

ಐದಾರು ವರ್ಷಕ್ಕೆ ಅವರಿಗೆ ವರ್ಗ. ಒಂದು ಟ್ರಂಕು ಹಿಡಿದು ಬಸ್ಸು ಹತ್ತಿದರೆ ಮುಗಿಯಿತು. ಸತ್ತರೆ ಮಣ್ಣಾಗುವುದು ದೂರದ ಮೂಲಮಠದ ಅಂಗಳದಲ್ಲಿ. ಹೀಗಾಗಿ ಚೆಂಡುಹೂ ಇಡಲು ಇಲ್ಲಿ ಸಮಾಧಿಯೂ ಇಲ್ಲ.

ಇನ್ನೂ ಹೊತ್ತು ಮೀರಿಲ್ಲ. ಪ್ರತಿ ಕಾನ್ವೆಂಟಿನಲ್ಲೂ ದಿನಚರಿಯ ಪುಸ್ತಕ ಬರೆಯುವ ಪದ್ಧತಿಯಿದೆ. ಯಾರು ಬಂದರು, ಯಾರು ಹೋದರು ಎಂಬುದೆಲ್ಲ ಅದರಲ್ಲಿರುತ್ತದೆ. ಅವರ ಕೈಯಲ್ಲಿ ಹೆತ್ತ ತಾಯಂದಿರು ಈಗ ಅಜ್ಜಿಯರಾಗಿ ಸಂಘದ ಸಭೆಗೆ ಬರುತ್ತಾರೆ. ಕೇಳಿದರೆ, ಕನ್ನಡಕದ ಸಿಸ್ಟರು, ಇಂಜೆಕ್ಷನ್ ಸಿಸ್ಟರು, ಬೈಯುವ ಸಿಸ್ಟರು ಎಂದು ಒಬ್ಬೊಬ್ಬರನ್ನೇ ನೆನೆದು, ಯಾವ ಮಗು ಯಾರ ಕೈಯಲ್ಲಿ ಹುಟ್ಟಿತೆಂದು ಹೇಳುತ್ತಾರೆ. ದಿನಚರಿಯ ಹೆಸರನ್ನೂ ಅಜ್ಜಿಯರ ನೆನಪನ್ನೂ ಸೇರಿಸಿ ಬರೆದುಕೊಳ್ಳಲು ಒಂದು ನೋಟ್‌ಬುಕ್ಕು, ಕನ್ನಡ ಬಲ್ಲ ಒಬ್ಬ ಕಾಲೇಜು ಹುಡುಗಿ ಸಾಕು. ಬರುವ ಹಬ್ಬಕ್ಕೆ ಗುಡಿಗೆ ಸುಣ್ಣ ಹೊಡೆಸುವಾಗ, ಪೇಂಟರನ್ನು ಕರೆದು ಆ ಹಲಗೆಯ ಕೆಳಗೆ ಇನ್ನೊಂದು ಹಲಗೆ ಬರೆಸಬೇಕು.