ಕೌದಿ ಕಟ್ಟಿದ ಸ್ಟುಡಿಯೊ

ಧಾರವಾಡದ ನಮ್ಮ ಮನೆಯ ಹಿಂದಿನ ಖೋಲಿ ಹತ್ತು ಅಡಿಗೆ ಹನ್ನೊಂದು. ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆಗೆ ನುಣ್ಣನೆಯ ಸಿಮೆಂಟು, ಮೂಲೆಯಲ್ಲಿ ಅವ್ವನ ಟ್ರಂಕು. ಇಪ್ಪತ್ತು ವರ್ಷ ನಾನು ಹಾರ್ಮೋನಿಯಂ ಪಾಠ ಹೇಳಿದ್ದು ಇದೇ ಖೋಲಿಯಲ್ಲಿ. ಮಕ್ಕಳಿಗೆ ರಿಯಾಜ್ ಮಾಡಲು ಹಾಡುಗಳನ್ನು ರೆಕಾರ್ಡ್ ಮಾಡಿ ಕೊಡೋಣ ಎಂಬ ಆಸೆ ಹುಟ್ಟಿದಾಗ, ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮೊದಲು ಮೈಕ್ ಕೊಂಡೆ.

ಆನ್‌ಲೈನಿನಲ್ಲಿ ಸಿಗುವ ‘ಸ್ಟುಡಿಯೊ ಕಿಟ್’ ಅದು. 2,400 ರೂಪಾಯಿಗೆ ಚಿನ್ನದ ಬಣ್ಣದ ಜಾಲರಿಯ ಕಂಡೆನ್ಸರ್ ಮೈಕು, ಟೇಬಲ್ಲಿಗೆ ಕಚ್ಚಿಕೊಳ್ಳುವ ಕಬ್ಬಿಣದ ಕೈ, ಸ್ಪಂಜಿನ ಟೊಪ್ಪಿಗೆ. ಭೀಮಪಲಾಸದಲ್ಲಿ ಒಂದು ವಚನ ಹಾಡಿ ಕೇಳಿದೆ. ನನ್ನ ದನಿ ಬಾವಿಯೊಳಗಿಂದ ಬರುತ್ತಿತ್ತು. ಪಕ್ಕದ ಮನೆಯ ಕುಕ್ಕರು, ಓಣಿಯ ಕಾಯಿಪಲ್ಲೆ ಗಾಡಿ, ನಮ್ಮದೇ ಫ್ಯಾನು ಎಲ್ಲವೂ ನನಗಿಂತ ಸ್ಪಷ್ಟವಾಗಿದ್ದವು. ಮೈಕೇ ಕೆಟ್ಟದ್ದೆಂದು ಹಳೆಯ ಶಿಷ್ಯನೊಬ್ಬನನ್ನು ಕರೆಸಿದೆ. ಮದುವೆ, ಜಾತ್ರೆಗಳಿಗೆ ಸೌಂಡ್ ಹಾಕುವವನು. ಬಂದವನು ಮೈಕನ್ನು ಮುಟ್ಟಲೂ ಇಲ್ಲ. ಖೋಲಿಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದ. ಅದರ ಬೆನ್ನಿಗೇ, ಸ್ಪ್ರಿಂಗ್ ಎಳೆದು ಬಿಟ್ಟ ಹಾಗೆ, ‘ಟ್ರಿಣ್ಣ್’ ಅಂದಿತು.

“ಸರ, ಮೈಕ್ ಏನೂ ಕೆಟ್ಟಿಲ್ರಿ. ಖೋಲಿ ಕೆಟ್ಟೈತಿ.”

ಎದುರುಬದುರು ಬೋಳು ಗೋಡೆಗಳಿದ್ದರೆ ಸದ್ದು ಚೆಂಡಿನ ಹಾಗೆ ಅತ್ತಿಂದಿತ್ತ ಪುಟಿಯುತ್ತದೆ. ಇದಕ್ಕೆಂದು ಅಂಗಡಿಯವರು ಮಾರುವ ಕಪ್ಪು ಫೋಮ್ ಹಾಳೆ ತೆಳ್ಳಗಿರುತ್ತದೆ; ತಾರಕದ ಕಿರಿಕಿರಿಯನ್ನಷ್ಟೇ ಹೀರಿ, ಮಂದ್ರದ ಗುಂಯ್‌ಗುಡುವಿಕೆಯನ್ನು ಹಾಗೇ ಬಿಡುತ್ತದೆ. ನಮ್ಮ ಟ್ರಂಕಿನಲ್ಲಿ ಅದಕ್ಕಿಂತ ಒಳ್ಳೆಯ ಸಾಮಾನಿತ್ತು: ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಅವ್ವ ಕೈಯಲ್ಲಿ ಹೊಲಿದ ಐದು ಕೌದಿಗಳು. ಹಗ್ಗ ಕಟ್ಟಿ, ಗೋಡೆಗೆ ತಾಗದಂತೆ ಒಂದು ಗೇಣು ಬಿಟ್ಟು ಇಳಿಬಿಟ್ಟೆವು. ಹಿಂದೆ ಗಾಳಿಯ ಸಂದಿದ್ದರೆ ಬಟ್ಟೆ ಇನ್ನಷ್ಟು ಕೆಳಗಿನ ಸ್ವರಗಳನ್ನೂ ಹಿಡಿಯುತ್ತದೆ. ಮತ್ತೆ ಚಪ್ಪಾಳೆ ತಟ್ಟಿದರೆ ಬರೀ ‘ಟಪ್’. ಖರ್ಚು 60 ರೂಪಾಯಿ, ಹಗ್ಗದ್ದು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕೌದಿ ಒಳಗಿನ ಮಾರ್ದನಿಯನ್ನು ತಿನ್ನುತ್ತದೆಯೇ ಹೊರತು ಹೊರಗಿನ ಸದ್ದನ್ನು ತಡೆಯುವುದಿಲ್ಲ. ತಡೆಯಲು ಭಾರ ಬೇಕು, ದಪ್ಪ ಗೋಡೆ, ಸಂದಿಲ್ಲದ ಬಾಗಿಲು. ಅದು ನನ್ನ ಕಿಸೆಗೆ ನಿಲುಕದ್ದು. ಹಾಗಾಗಿ ನಾನು ಬೆಳಗಿನ ಐದಕ್ಕೆ ಹಾಡುತ್ತೇನೆ, ಹಾಲಿನವನು ಬರುವ ಮೊದಲು.

ಇನ್ನು ಮೈಕಿನ ವಿಚಾರ. ಕಂಡೆನ್ಸರ್ ಎಂದರೆ ನೆರೆಮನೆಯ ಅಜ್ಜಿಯ ಕಿವಿ. ಅದರ ಪೊರೆ ಬಲು ತೆಳು, ದೂರದ ಪಿಸುಮಾತೂ ಬಿಡದು. ಅದಕ್ಕೆ 48 ವೋಲ್ಟ್ ವಿದ್ಯುತ್ತನ್ನೂ ಕೊಡಬೇಕು. ಡೈನಮಿಕ್ ಮೈಕಿನಲ್ಲಿ ಪೊರೆಗೆ ತಂತಿಯ ಸುರುಳಿ ಅಂಟಿರುತ್ತದೆ. ದನಿ ತಳ್ಳಿದಾಗ ಅದು ಆಯಸ್ಕಾಂತದ ನಡುವೆ ಅಲುಗಾಡಿ ತಾನೇ ಕರೆಂಟು ಹುಟ್ಟಿಸುತ್ತದೆ. ಕಿವಿ ಸ್ವಲ್ಪ ಮಂದ, ಹತ್ತಿರ ಬಂದೇ ಹಾಡಬೇಕು. ಗದ್ದಲದ ಮನೆಗೆ ಬೇಕಾದದ್ದು ಇದೇ. ಆರ್ಕೆಸ್ಟ್ರಾ ಬಿಟ್ಟು ಕಿರಾಣಿ ಅಂಗಡಿ ಹಾಕಿದ ಗಾಯಕರೊಬ್ಬರಿಂದ ಶ್ಯೂರ್ ಎಸ್‌ಎಂ58 ಅನ್ನು 4,500ಕ್ಕೆ ತಂದೆ. 1966ರಿಂದ ಬರುತ್ತಿರುವ ಮೈಕು ಅದು, ವೇದಿಕೆ ಹತ್ತಿದವರೆಲ್ಲ ಒಮ್ಮೆಯಾದರೂ ಹಿಡಿದಿರುತ್ತಾರೆ. ಆದರೆ ಇದರ ನಕಲಿಗೆ ಲೆಕ್ಕವಿಲ್ಲ. ಅಸಲಿಯ ತೂಕ 298 ಗ್ರಾಂ. ದುಡ್ಡು ಕೊಡುವ ಮೊದಲು ನಾನು ಪರಿಚಯದ ಅಕ್ಕಸಾಲಿಗರ ತಕ್ಕಡಿಯ ಮೇಲಿಟ್ಟು ನೋಡಿದೆ. “ಇದರಾಗ ಎಷ್ಟ್ ತೊಲಿ ಬಂಗಾರ ಐತ್ರಿ?” ಎಂದು ಅವರು ನಕ್ಕರು. ತೂಕ ಸರಿ ಬಂದರೆ ಅಸಲಿ ಎಂದೇನಲ್ಲ, ತೀರ ಹಗುರವಾಗಿದ್ದರೆ ಮಾತ್ರ ಖಂಡಿತ ಕೊಳ್ಳಬೇಡಿ.

ಮೈಕಿಗೂ ಬಾಯಿಗೂ ನಡುವಿನ ಅಂತರವನ್ನು ಅರ್ಧ ಮಾಡಿದರೆ ದನಿಯ ಮಟ್ಟ 6 ಡೆಸಿಬೆಲ್ ಏರುತ್ತದೆ. ಖೋಲಿಯ ಮಾರ್ದನಿ ಇದ್ದಷ್ಟೇ ಇರುತ್ತದೆ. ಒಂದು ಗೇಣಿನಿಂದ ನಾಲ್ಕು ಬೆರಳಿಗೆ ಸರಿದದ್ದರಲ್ಲಿ ನನಗೆ ಸಿಕ್ಕ ಸುಧಾರಣೆಯನ್ನು ದುಡ್ಡು ಕೊಟ್ಟು ಕೊಳ್ಳಲಾಗುತ್ತಿರಲಿಲ್ಲ. ತೀರ ಹತ್ತಿರವಾದರೆ ಮಂದ್ರ ಉಬ್ಬುತ್ತದೆ, ‘ಪ’, ‘ಫ’, ‘ಭ’ ಬಂದಲ್ಲೆಲ್ಲ ಉಸಿರು ಬಡಿದು ‘ಧಪ್’ ಎನ್ನುತ್ತದೆ. ಹೆಂಡತಿಯ ಕಸೂತಿ ರಿಂಗಿಗೆ ನೈಲಾನ್ ಕಾಲುಚೀಲವನ್ನು ಎರಡು ಪದರ ಎಳೆದು ಕಟ್ಟಿ ನಡುವೆ ನಿಲ್ಲಿಸಿದೆ. ಅದನ್ನು ಹಿಡಿದುಕೊಂಡಿರುವುದು 2,400ರ ಕಿಟ್ಟಿನ ಕಬ್ಬಿಣದ ಕೈ. ಆ ದುಡ್ಡಿನಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿಗೆ ಆಡಿಯೊ ಇಂಟರ್‌ಫೇಸ್ ಎನ್ನುತ್ತಾರೆ. ನನ್ನದು 6,500ರದ್ದು. ಹಾರ್ಮೋನಿಯಂ ಒಂದರಲ್ಲಿ, ದನಿ ಇನ್ನೊಂದರಲ್ಲಿ ಎಂದು ಎರಡು ಇನ್‌ಪುಟ್ ಇರುವುದನ್ನು ತೆಗೆದುಕೊಂಡೆ. ಕೊಳ್ಳುವಾಗ ನಾನು ನೋಡಿದ್ದು ಎರಡು ಸಂಗತಿ. ಡೈನಮಿಕ್ ಮೈಕಿನ ಸಿಗ್ನಲ್ ಬಹಳ ಸಣ್ಣದು, ಮೆಲ್ಲಗೆ ಹಾಡುವವರಿಗೆ 55ರಿಂದ 60 ಡೆಸಿಬೆಲ್ ಗೇನ್ ಬೇಕಾದೀತು. ಅಷ್ಟು ತಿರುಗಿಸಿದಾಗ ‘ಸ್ಸ್ಸ್’ ಎಂಬ ಸದ್ದು ಎಷ್ಟಿದೆ ಎಂದು ಅಂಗಡಿಯಲ್ಲೇ ಹೆಡ್‌ಫೋನ್ ಹಾಕಿ ಕೇಳಿದೆ. ಎರಡನೆಯದು ‘ಡೈರೆಕ್ಟ್ ಮಾನಿಟರ್’ ಗುಂಡಿ. ಅದಿಲ್ಲದಿದ್ದರೆ ನಮ್ಮ ದನಿ ಕಂಪ್ಯೂಟರಿನೊಳಗೆ ಸುತ್ತಿಕೊಂಡು ಕಿವಿಗೆ ಬರುತ್ತದೆ. 512 ಸ್ಯಾಂಪಲ್‌ಗಳ ಬಫರ್ ಇದ್ದರೆ ಹೋಗುವಾಗ ಸುಮಾರು 12 ಮಿಲಿಸೆಕೆಂಡು, ಬರುವಾಗ ಮತ್ತಷ್ಟೇ ತಡ. ಹಿಂದೆ ಕೂತ ಯಾರೋ ಅಣಕಿಸಿದ ಹಾಗಾಗಿ ತಾಳ ಜಾರುತ್ತದೆ. ಸಾಫ್ಟ್‌ವೇರಿಗೆ ದುಡ್ಡು ಹಾಕುವ ಅವಸರವೇನಿಲ್ಲ, ಆಡಾಸಿಟಿ ಪುಕ್ಕಟೆ, ರೀಪರ್ 60 ದಿನ ಪೂರ್ತಿಯಾಗಿ ಬಳಸಿ ನೋಡಲು ಸಿಗುತ್ತದೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಕೆಂಪು ದೀಪದ ತನಕ ಮಟ್ಟ ಏರಿಸುವ ಗರಜೂ ಇಲ್ಲ.

ಎಲ್ಲ ಬಂದ ಮೇಲೂ ಒಂದು ಜೇನುಹುಳ ಉಳಿಯಿತು. ಪ್ರತಿ ರೆಕಾರ್ಡಿಂಗಿನ ತಳದಲ್ಲಿ ‘ಗುಂಯ್’. ಕೇಬಲ್ ಬದಲಿಸಿದೆ, ಮೈಕ್ ಬಿಚ್ಚಿದೆ, ಇಂಟರ್‌ಫೇಸನ್ನು ಅಂಗಡಿಗೆ ವಾಪಸು ಒಯ್ಯಲು ಡಬ್ಬಿಯಲ್ಲೂ ತುಂಬಿದ್ದೆ. ಆವತ್ತು ಸಂಜೆ ಕರೆಂಟು ಹೋಯಿತು. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಡಬ್ಬಿ ಬಿಚ್ಚಿ ಜೋಡಿಸಿ ಕೇಳಿದರೆ, ಗುಂಯ್ ಇಲ್ಲ! ಕಳ್ಳ ಸಿಕ್ಕಿದ್ದು ಚಾರ್ಜರಿನಲ್ಲಿ. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಲೈನಿನ 50 ಹರ್ಟ್ಸ್ ಹೀಗೆ ಚಾರ್ಜರಿನ ದಾರಿಯಿಂದ ನುಸುಳುತ್ತದೆ. ಹಳೆಯ ಚೌಕ ಅಲೆಯ ಇನ್ವರ್ಟರ್ ಇದ್ದರಂತೂ ಮುಗಿಯಿತು. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಸರಿಮಾಡುವ ತನಕ ಚಾರ್ಜರ್ ಕಿತ್ತಿಟ್ಟೇ ಹಾಡಿದೆ.

ಸ್ಪೀಕರ್ ಇನ್ನೂ ಕೊಂಡಿಲ್ಲ. ಹತ್ತಡಿಯ ಖೋಲಿಯಲ್ಲಿ ಸುಮಾರು 56 ಹರ್ಟ್ಸ್ ಆಸುಪಾಸಿನ ಸದ್ದು ಗೋಡೆಗಳ ನಡುವೆ ನಿಂತುಬಿಡುತ್ತದೆ. ಒಂದು ಮೂಲೆಯಲ್ಲಿ ಡಗ್ಗಾ ಗುಡುಗುತ್ತದೆ, ನಡುಮಧ್ಯೆ ಕೂತರೆ ಮಾಯ. ಎಷ್ಟು ದುಬಾರಿ ಸ್ಪೀಕರ್ ತಂದರೂ ಅಲ್ಲಿ ಸುಳ್ಳೇ ಹೇಳುತ್ತದೆ. ಅದರ ಬದಲು 4,000ದ ಹೆಡ್‌ಫೋನು, ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು, ಇಲ್ಲದಿದ್ದರೆ ತಾಳದ ಟಿಕ್‌ಟಿಕ್ ಮೈಕಿಗೆ ಸೋರುತ್ತದೆ. ಯಮಾಹಾ 1978ರಲ್ಲಿ ಮನೆಬಳಕೆಗೆಂದು ತಂದ ಎನ್‌ಎಸ್-10 ಸ್ಪೀಕರನ್ನು ಮನೆಯವರು ಮೆಚ್ಚಲಿಲ್ಲ. ದೊಡ್ಡ ದೊಡ್ಡ ಸ್ಟುಡಿಯೊಗಳು ಎತ್ತಿಕೊಂಡವು. ಇಂಪಾಗಿತ್ತೆಂದಲ್ಲ, ತಪ್ಪನ್ನು ಮುಚ್ಚುತ್ತಿರಲಿಲ್ಲ ಎಂದು. ನನ್ನ ಎನ್‌ಎಸ್-10 ಎಂದರೆ ಶಿಷ್ಯನ ಟೆಂಪೊದ ಸ್ಟೀರಿಯೊ. ಅದರಲ್ಲಿ ಸಾಹಿತ್ಯ ಸ್ಪಷ್ಟವಾಗಿ ಕೇಳಿದರೆ ಮಿಕ್ಸ್ ಮುಗಿಯಿತು.

ಕೇಬಲ್, ಸ್ಟ್ಯಾಂಡಿಗೆ 1,500 ಸೇರಿ, ಹಗ್ಗ ಬಿಟ್ಟರೆ, 16,500 ರೂಪಾಯಿ ಆಯಿತು. ಕಿಟ್ಟಿನ ದುಡ್ಡನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೆಂಡತಿ ಹಿಡಿಯುತ್ತಾಳೆ.

ಹೋದ ಡಿಸೆಂಬರಿನಲ್ಲಿ ಮಕ್ಕಳ ಆರು ಹಾಡು ಬಾಕಿ ಇದ್ದವು. ಬೆಳಿಗ್ಗೆ ಐದಕ್ಕೆ ಖೋಲಿಗೆ ಹೋದರೆ ಗೋಡೆಗಳು ಬೋಳು, ಹಗ್ಗ ಮಾತ್ರ ಜೋಲಾಡುತ್ತಿದೆ. ಚಪ್ಪಾಳೆ ತಟ್ಟಿದೆ, ‘ಟ್ರಿಣ್ಣ್’. ಪಡಸಾಲೆಯಲ್ಲಿ ಅವ್ವ ಮೂರು ಕೌದಿ ಹೊದ್ದು ಮಲಗಿದ್ದಳು.

“ನಿನ್ನ ಸ್ಟುಡಿಯೊ ಶಿವರಾತ್ರಿ ಆದ ಮ್ಯಾಲೆ ತೆಗಿಯಪಾ,” ಎಂದಳು, ಮುಸುಕು ತೆಗೆಯದೆ.