ಗೇಮ್ ಆಡುವ ಕೈಗಳು ಗೇಮ್ ಕಟ್ಟಲಿ

ರಜೆ ಬಂತೆಂದರೆ ಹೆಚ್ಚಿನ ಮನೆಗಳಲ್ಲಿ ಒಂದೇ ರಗಳೆ. ಮಕ್ಕಳ ಕೈಯಲ್ಲಿ ಮೊಬೈಲ್, ತಾಯಿಯ ಬಾಯಲ್ಲಿ ‘ಸಾಕು, ಇನ್ನು ಇಡು’ ಎಂಬ ಮಾತು. ಅರ್ಧ ಗಂಟೆಗೆಂದು ಕೊಟ್ಟ ಮೊಬೈಲ್ ಎರಡು ಗಂಟೆಯಾದರೂ ಮರಳಿ ಬರುವುದಿಲ್ಲ. ಕಸಿದುಕೊಂಡರೆ ಅಳು, ಬಿಟ್ಟುಬಿಟ್ಟರೆ ಮನಸ್ಸಿಗೆ ಕಿರಿಕಿರಿ. ಗದರಿಕೆ, ಬೀಗ, ಪಾಸ್‌ವರ್ಡ್ ಎಲ್ಲವನ್ನೂ ನೀವು ಪ್ರಯೋಗಿಸಿ ನೋಡಿರಬಹುದು. ಈ ಬಾರಿ ಬೇರೊಂದು ದಾರಿ ಹಿಡಿದರೆ ಹೇಗೆ? ಗೇಮ್ ಆಡುವ ಮಗುವಿಗೆ ಗೇಮ್ ತಯಾರಿಸುವ ಕೆಲಸವನ್ನೇ ಕೊಡಿ. ಅದೂ ಒಂಟಿಯಾಗಿ ಅಲ್ಲ. ಬಂಧು ಬಳಗದ, ನೆರೆಕರೆಯ ಮಕ್ಕಳನ್ನು ಇಂಟರ್‌ನೆಟ್ ಮೂಲಕ ಒಟ್ಟುಗೂಡಿಸಿ, ಒಂದು ಸ್ನೇಹದ ಸ್ಪರ್ಧೆಯ ರೂಪದಲ್ಲಿ.

‘ನನಗೆ ಕಂಪ್ಯೂಟರ್ ವಿದ್ಯೆ ಬಾರದು, ಇದೆಲ್ಲ ನನ್ನಿಂದಾಗದು’ ಎಂದು ಪುಟ ತಿರುವಬೇಡಿ. ಮದುವೆ ಮನೆಯ ಒಡತಿ ತಾನೇ ನಿಂತು ಬಿರಿಯಾನಿ ಬೇಯಿಸುವುದಿಲ್ಲ. ಯಾರು ಬಂದರು, ಯಾರು ಇನ್ನೂ ಉಂಡಿಲ್ಲ, ಮೂಲೆಯಲ್ಲಿ ಮುದುಡಿ ಕುಳಿತವರು ಯಾರು ಎಂದು ನೋಡುವುದು ಅವಳ ಕೆಲಸ. ಇಂತಹ ಸ್ಪರ್ಧೆಯ ಸಂಘಟಕಿಗೂ ಬೇಕಾಗಿರುವುದು ಅದೇ ಗುಣ. ಪ್ರೋಗ್ರಾಮಿಂಗ್ ಮಕ್ಕಳ ಪಾಲಿಗಿರಲಿ. ವೇಳೆ, ನಿಯಮ ಮತ್ತು ಪ್ರೀತಿ ನಿಮ್ಮ ಪಾಲಿಗಿರಲಿ.

ಜಗತ್ತು ಕಂಡ ಮಾದರಿಗಳು

ಹವ್ಯಾಸಿಗಳು ಸೇರಿ ನಿಗದಿತ ಅವಧಿಯೊಳಗೆ ಗೇಮ್ ತಯಾರಿಸುವ ಇಂತಹ ಕೂಟಗಳನ್ನು ‘ಗೇಮ್ ಜ್ಯಾಮ್’ ಎನ್ನುತ್ತಾರೆ. 2002ರಲ್ಲಿ ಜೆಫ್ ಹೌಲೆಂಡ್ ಎಂಬವರು ‘ಲುಡುಮ್ ಡೇರ್’ ಎಂಬ ಆನ್‌ಲೈನ್ ಸ್ಪರ್ಧೆಯನ್ನು ಆರಂಭಿಸಿದರು. ಅದರ ನಿಯಮ ಸರಳ. ಆರಂಭದ ಗಳಿಗೆಯಲ್ಲಿ ಒಂದು ವಿಷಯವನ್ನು ಪ್ರಕಟಿಸಲಾಗುತ್ತದೆ. ಅಲ್ಲಿಂದ 48 ಗಂಟೆಯೊಳಗೆ ಒಬ್ಬರೇ ಕುಳಿತು ಚಿತ್ರ, ಸಂಗೀತ, ಪ್ರೋಗ್ರಾಂ ಎಲ್ಲವನ್ನೂ ಮಾಡಿ ಮುಗಿಸಬೇಕು. ತಂಡ ಕಟ್ಟಿಕೊಳ್ಳುವವರಿಗೆ 72 ಗಂಟೆಯ ಇನ್ನೊಂದು ವಿಭಾಗ. ಗೆದ್ದವರಿಗೆ ಹಣವಿಲ್ಲ, ಕಪ್ ಇಲ್ಲ. ತಾನು ಮಾಡಿದ ಗೇಮೇ ತನಗೆ ಬಹುಮಾನ. ಅಂಕ ನೀಡುವವರೂ ಸ್ಪರ್ಧಿಗಳೇ. ಇತರರ ಗೇಮ್‌ಗಳನ್ನು ಆಡಿ ಅಭಿಪ್ರಾಯ ಹೇಳಿದವರ ಗೇಮ್ ಹೆಚ್ಚು ಜನರ ಕಣ್ಣಿಗೆ ಬೀಳುವಂತೆ ಅಲ್ಲಿ ವ್ಯವಸ್ಥೆ ಮಾಡಲಾಗಿತ್ತು. ಕೊಟ್ಟು ಪಡೆಯುವ ಈ ಪದ್ಧತಿಯೇ ಆ ಕೂಟದ ಜೀವಾಳ.

2009ರ ಜನವರಿಯಲ್ಲಿ ‘ಗ್ಲೋಬಲ್ ಗೇಮ್ ಜ್ಯಾಮ್’ ಮೊದಲ ಬಾರಿಗೆ 23 ದೇಶಗಳ 53 ಕೇಂದ್ರಗಳಲ್ಲಿ ಏಕಕಾಲಕ್ಕೆ ನಡೆಯಿತು. ಅದರ ಸಂಘಟಕರು ಸ್ಪರ್ಧೆಗಿಂತಲೂ ಕೂಡಿ ಕಲಿಯುವುದಕ್ಕೆ ಮಹತ್ವ ಕೊಟ್ಟರು.

ಎರಡು ದಿನದಲ್ಲಿ ಏನು ತಾನೇ ಆದೀತು ಎಂದು ನಿಮಗನಿಸಬಹುದು. ಫಿನ್ಲೆಂಡ್‌ನ ಆರ್ವಿ ಟೈಕಾರಿ ಎಂಬ ಯುವಕ 2017ರಲ್ಲಿ ಇಂತಹದೇ ಒಂದು ಜ್ಯಾಮ್‌ನಲ್ಲಿ ‘ಬಾಬಾ ಈಸ್ ಯೂ’ ಎಂಬ ಗೇಮ್ ತಯಾರಿಸಿದರು. ಅದರಲ್ಲಿ ಬಂದೂಕಿಲ್ಲ, ರಕ್ತವಿಲ್ಲ. ಪರದೆಯ ಮೇಲಿರುವ ಪದಗಳನ್ನು ತಳ್ಳಿ ಜೋಡಿಸಿದರೆ ಆಟದ ನಿಯಮವೇ ಬದಲಾಗುತ್ತದೆ. ದಾರಿಗೆ ಅಡ್ಡವಿದ್ದ ಗೋಡೆ ಗೋಡೆಯಾಗಿ ಉಳಿಯುವುದಿಲ್ಲ. ಅಂದು ಗೆದ್ದ ಆ ಪುಟ್ಟ ಕಲ್ಪನೆ 2019ರಲ್ಲಿ ಪೂರ್ಣ ಗೇಮ್ ಆಗಿ ಬಿಡುಗಡೆಯಾಗಿ ಜಗತ್ತಿನೆಲ್ಲೆಡೆ ಮೆಚ್ಚುಗೆ ಗಳಿಸಿತು. ಎಲ್ಲರಿಗೂ ಹೀಗಾಗದು. ನಮ್ಮ ಮಕ್ಕಳಿಗೆ ಆಗಬೇಕೆಂದೂ ಇಲ್ಲ. ಅವಧಿ ಚಿಕ್ಕದಾದಷ್ಟು ಯೋಚನೆ ಚುರುಕಾಗುತ್ತದೆ ಎಂಬುದಷ್ಟೇ ಇಲ್ಲಿನ ಪಾಠ.

ಹೆಣ್ಣುಮಕ್ಕಳನ್ನು ಮರೆಯದಿರಿ

2014ರಲ್ಲಿ ಅಮೆರಿಕದಲ್ಲಿ ಲೈಲಾ ಶಬೀರ್ ಮತ್ತು ಅವರ ಪತಿ ಇಶ್ ಸೈಯದ್ ‘ಗರ್ಲ್ಸ್ ಮೇಕ್ ಗೇಮ್ಸ್’ ಎಂಬ ಬೇಸಿಗೆ ಶಿಬಿರವನ್ನು ಆರಂಭಿಸಿದರು. ಗೇಮ್ ತಯಾರಿಕೆಯಲ್ಲಿ ಮಹಿಳೆಯರ ಸಂಖ್ಯೆ ಕಡಿಮೆ ಎಂಬುದೇ ಅದಕ್ಕೆ ಪ್ರೇರಣೆ. ಶಾಲಾ ಬಾಲಕಿಯರು ತಂಡಗಳಾಗಿ ಗೇಮ್ ತಯಾರಿಸಿ ಕೊನೆಗೆ ತೀರ್ಪುಗಾರರ ಮುಂದೆ ಪ್ರದರ್ಶಿಸಿದರು. ಮೊದಲ ವರ್ಷ ಗೆದ್ದ ‘ದಿ ಹೋಲ್ ಸ್ಟೋರಿ’ ಎಂಬ ಗೇಮ್‌ಗೆ ಸಾರ್ವಜನಿಕರಿಂದ ಹಣ ಸಂಗ್ರಹಿಸಿ, ಅದನ್ನು ಪೂರ್ಣಗೊಳಿಸಿ ಹೊರತರಲಾಯಿತು. ಅದರ ಕಥೆಗೆ ಹುಡುಗಿಯೊಬ್ಬಳೇ ನಾಯಕಿ.

ಈಗ ನಮ್ಮ ಮನೆಯತ್ತ ನೋಡೋಣ. ಸ್ಪರ್ಧೆಗೆ ಮಗನೂ ಮಗಳೂ ಹೆಸರು ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಮಗ ಕಂಪ್ಯೂಟರ್ ಮುಂದೆ ಕುಳಿತರೆ ‘ಅವನಿಗೆ ತೊಂದರೆ ಕೊಡಬೇಡಿ’ ಎನ್ನುತ್ತೇವೆ. ಮಗಳು ಕುಳಿತರೆ ‘ಸ್ವಲ್ಪ ಈ ಪಾತ್ರೆ ತೊಳೆದು ಹೋಗು’, ‘ತಮ್ಮನನ್ನು ಸ್ವಲ್ಪ ಎತ್ತಿಕೋ’ ಎಂಬ ಕರೆಗಳು ಸಾಲುಸಾಲಾಗಿ ಹೋಗುತ್ತವೆ. ಗಡಿಯಾರ ಇಬ್ಬರಿಗೂ ಒಂದೇ, ಆದರೆ ಸಿಗುವ ಸಮಯ ಒಂದೇ ಅಲ್ಲ. ಕೊನೆಗೆ ಮಗಳ ಗೇಮ್ ಅರ್ಧಕ್ಕೆ ನಿಂತಾಗ ‘ಇದೆಲ್ಲ ಹುಡುಗರ ವಿಷಯ’ ಎಂದು ಅವಳೇ ತೀರ್ಮಾನಿಸಿಬಿಡುತ್ತಾಳೆ. ಆ ತೀರ್ಮಾನ ಅವಳನ್ನು ವರ್ಷಗಟ್ಟಲೆ ಹಿಂಬಾಲಿಸಬಲ್ಲದು. ಆದ್ದರಿಂದ ಸ್ಪರ್ಧೆಯ ಮೊದಲ ನಿಯಮ ಮನೆಯ ಹಿರಿಯರಿಗೇ ಇರಲಿ: ಸ್ಪರ್ಧೆಯ ವೇಳೆಯಲ್ಲಿ ಅಡುಗೆಮನೆಯ ಕರೆ ಯಾರಿಗೂ ಇಲ್ಲ, ಉಳಿದ ವೇಳೆಯಲ್ಲಿ ಇಬ್ಬರಿಗೂ ಇದೆ.

ದಿನ ಮತ್ತು ವೇಳೆ

ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳ ಅರ್ಧ ಮಕ್ಕಳು ಊರಿನಲ್ಲಿ, ಅರ್ಧ ಮಕ್ಕಳು ಕೊಲ್ಲಿಯಲ್ಲಿ. ಇಲ್ಲಿ ಎಪ್ರಿಲ್, ಮೇ ತಿಂಗಳಲ್ಲಿ ರಜೆ. ಅಲ್ಲಿನ ಭಾರತೀಯ ಶಾಲೆಗಳ ದೊಡ್ಡ ರಜೆ ಜುಲೈ, ಆಗಸ್ಟ್‌ನಲ್ಲಿ. ಸೌದಿ, ಕತಾರ್, ಒಮಾನ್‌ಗಳಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಯುಎಇಯಲ್ಲಿ 2022ರಿಂದ ಶನಿವಾರ ಮತ್ತು ರವಿವಾರ. ಆದ್ದರಿಂದ 48 ಗಂಟೆಯ ಗೊಡವೆ ಬೇಡ. ಒಂದು ಶುಕ್ರವಾರ ರಾತ್ರಿ ಆರಂಭಿಸಿ ಮರುವಾರದ ಶನಿವಾರ ರಾತ್ರಿ ಮುಗಿಸಿ. ದಿನಕ್ಕೆ ಒಂದೂವರೆ ಗಂಟೆ ಮಾತ್ರ ಎಂಬ ಮಿತಿ ಹಾಕಿ. ನಿದ್ದೆಗೂ ಪಾಠಕ್ಕೂ ತೊಡಕಾಗದು. ಊರಿನಲ್ಲಿ ರಾತ್ರಿ 9 ಗಂಟೆಯಾದಾಗ ದುಬೈ, ಮಸ್ಕತ್‌ಗಳಲ್ಲಿ 7.30, ರಿಯಾದ್, ದೋಹಾಗಳಲ್ಲಿ 6.30. ಎರಡೂ ಕಡೆಯ ನಮಾಝ್‌ನ ವೇಳೆಯನ್ನು ನೋಡಿಕೊಂಡು ಸ್ವಲ್ಪ ಹಿಂದೆ ಮುಂದೆ ಮಾಡಿಕೊಳ್ಳಿ.

ವಿಷಯವನ್ನು ಆರಂಭದ ಗಳಿಗೆಯವರೆಗೆ ಗುಟ್ಟಾಗಿಡಿ. ಲುಡುಮ್ ಡೇರ್‌ನಲ್ಲಿ ‘ಪುಟ್ಟ ಜಗತ್ತು’, ‘ಹತ್ತು ಸೆಕೆಂಡುಗಳು’, ‘ನಿನಗೆ ಒಂದೇ ಸಿಗುವುದು’ ಎಂಬಂತಹ ವಿಷಯಗಳು ಬಂದಿದ್ದವು. ನೀವು ‘ಮಳೆ’, ‘ಕಳೆದುಹೋದ ಕೀಲಿಕೈ’ ಎಂದೇನಾದರೂ ಕೊಡಬಹುದು. ‘ಅಜ್ಜಿಯ ಕಾಲದ ಆಟ’ ಎಂದು ಕೊಟ್ಟು ನೋಡಿ. ಚೆನ್ನೆಮಣೆಯ ಹದಿನಾಲ್ಕು ಗುಳಿಗಳಲ್ಲಿ ನಾಲ್ಕು ನಾಲ್ಕು ಕಾಯಿ ಹಾಕಿ ಆಡುವುದು ಹೇಗೆಂದು ತಿಳಿಯಲು ಮಗು ಅಜ್ಜಿಯ ಬಳಿ ಹೋಗಿ ಕುಳಿತುಕೊಳ್ಳಲೇಬೇಕಾಗುತ್ತದೆ. ಅಜ್ಜಿಯೂ ಸ್ಪರ್ಧೆಯೊಳಗೆ ಬಂದಂತಾಯಿತು.

ಸಾಧನ ಯಾವುದು?

ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಮತ್ತು ಸಂಗಡಿಗರು ಮಕ್ಕಳಿಗಾಗಿ ತಯಾರಿಸಿದ ‘ಸ್ಕ್ರ್ಯಾಚ್’ 2007ರಿಂದ ಉಚಿತವಾಗಿ ಲಭ್ಯವಿದೆ. ಅದರಲ್ಲಿ ಉದ್ದುದ್ದ ಸಾಲು ಬರೆಯಬೇಕಾಗಿಲ್ಲ. ಬಣ್ಣದ ಇಟ್ಟಿಗೆಗಳಂತಿರುವ ಆಜ್ಞೆಗಳನ್ನು ಒಂದಕ್ಕೊಂದು ಜೋಡಿಸಿದರೆ ಬೆಕ್ಕು ನಡೆಯುತ್ತದೆ, ಚೆಂಡು ಪುಟಿಯುತ್ತದೆ. ಕಥೆ ಹೇಳಲು ಇಷ್ಟಪಡುವ ಹಿರಿಯ ಮಕ್ಕಳಿಗೆ ‘ಟ್ವೈನ್’ ಇದೆ. ಓದುಗನೇ ದಾರಿ ಆರಿಸಿಕೊಳ್ಳುವ ಕಥಾ ಗೇಮ್ ಅದರಲ್ಲಿ ಸಿದ್ಧವಾಗುತ್ತದೆ. ಕನ್ನಡದಲ್ಲೇ ಬರೆಯಬಹುದು. ಕಾಲೇಜು ವಿದ್ಯಾರ್ಥಿಗಳಿಗೆ ‘ಗೋಡಾಟ್’ ಇದೆ. ಇವೆಲ್ಲವೂ ಉಚಿತ.

ಮೊಬೈಲ್ ಮಾತ್ರವಿರುವ ಮನೆಯ ಮಗುವನ್ನು ಹೊರಗಿಡಬೇಡಿ. ಕಂಪ್ಯೂಟರ್ ಇರುವ ಮಗುವಿನೊಂದಿಗೆ ಅದನ್ನು ಜೋಡಿ ಮಾಡಿ. ಒಬ್ಬರು ಕಾಗದದಲ್ಲಿ ಚಿತ್ರ ಬಿಡಿಸಿ ಫೋಟೋ ಕಳುಹಿಸಲಿ, ತಮ್ಮದೇ ದನಿಯಲ್ಲಿ ಸದ್ದುಗಳನ್ನು ರೆಕಾರ್ಡ್ ಮಾಡಲಿ. ಇನ್ನೊಬ್ಬರು ಜೋಡಿಸಲಿ. ಎರವಲು ಚಿತ್ರ, ಸಂಗೀತ ಬಳಸಿದರೆ ಎಲ್ಲಿಂದ ತಂದದ್ದೆಂದು ಹೇಳಬೇಕು. ಕೃತಕ ಬುದ್ಧಿಮತ್ತೆಯ ನೆರವು ಪಡೆದಿದ್ದರೆ ಅದನ್ನೂ ಮುಚ್ಚಿಡಬಾರದು. ಪ್ರಾಮಾಣಿಕತೆ ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಯಾವುದಿದೆ?

ಎಚ್ಚರಿಕೆಗಳು

ಆನ್‌ಲೈನ್ ಎಂದಾಗ ತಾಯಂದಿರಿಗೆ ಅಳುಕು ಸಹಜ. ಕೂಟವನ್ನು ಗುರುತಿನವರಿಗೆ ಮಾತ್ರ ಸೀಮಿತಗೊಳಿಸಿ. ವಾಟ್ಸಾಪ್ ಗುಂಪಿನಲ್ಲಿ ಮಕ್ಕಳ ನಂಬರಿನ ಬದಲು ತಾಯಂದಿರ ನಂಬರ್ ಇರಲಿ. ಸ್ಕ್ರ್ಯಾಚ್‌ನಲ್ಲಿ ಖಾತೆ ತೆರೆಯದೆಯೇ ಗೇಮ್ ತಯಾರಿಸಿ ಕಂಪ್ಯೂಟರ್‌ನಲ್ಲಿ ಉಳಿಸಿಕೊಳ್ಳಬಹುದು. ಆ ಫೈಲನ್ನೇ ನಿಮಗೆ ಕಳುಹಿಸಿದರೆ ಸಾಕು. ಹಿರಿಯ ವಿದ್ಯಾರ್ಥಿಗಳಿಗೆ ದೊಡ್ಡ ಮಟ್ಟದಲ್ಲಿ ನಡೆಸುವುದಾದರೆ ‘ಇಚ್ ಡಾಟ್ ಐಒ’ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಜ್ಯಾಮ್ ಏರ್ಪಡಿಸಬಹುದು. ಅಲ್ಲಿಯೂ ಮಕ್ಕಳ ನಿಜ ಹೆಸರು, ಫೋಟೋ, ಶಾಲೆಯ ಹೆಸರು ಬೇಡ.

ಇನ್ನೊಂದು ಅಪಾಯ ಮಕ್ಕಳ ಅತಿಯಾಸೆಯದ್ದು. ಮೊದಲ ದಿನವೇ ನೂರು ಹಂತಗಳ, ಇಪ್ಪತ್ತು ಪಾತ್ರಗಳ ಗೇಮ್ ಮಾಡುವೆನೆಂದು ಹೊರಟು ಮೂರನೇ ದಿನ ಕೈಚೆಲ್ಲುತ್ತಾರೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂದು ಅವರಿಗೆ ತಿಳಿಸಿ. ಒಂದು ಪರದೆ, ಒಂದು ನಿಯಮ, ಒಂದು ಮುಕ್ತಾಯ ಇಷ್ಟಿದ್ದರೆ ಅದು ಗೇಮ್. ಮೂರನೇ ದಿನಕ್ಕೆ ಏನಾದರೊಂದು ಅಲುಗಾಡುವಂತಿರಲಿ, ಚಂದ ಆಮೇಲೆ ಮಾಡಿಕೊಳ್ಳಲಿ. ನಡುವಾರದಲ್ಲಿ ಪ್ರತಿ ಮಗುವನ್ನೂ ಒಮ್ಮೆ ಮಾತನಾಡಿಸಿ. ‘ಎಲ್ಲಿಗೆ ಬಂತು?’ ಎಂಬ ಒಂದು ಪ್ರಶ್ನೆ ಬಿಟ್ಟುಬಿಡಲು ಹೊರಟ ಮಗುವನ್ನು ಮರಳಿ ಕೂರಿಸುತ್ತದೆ.

ತೀರ್ಪು ಹೇಗಿರಬೇಕು?

ದೊಡ್ಡ ಬಹುಮಾನ ಇಡಬೇಡಿ. ಹೊಸ ಮೊಬೈಲ್ ಬಹುಮಾನ ಎಂದೊಡನೆ ಸ್ನೇಹ ಹೋಗಿ ಸಂಶಯ ಬರುತ್ತದೆ. ಅಣ್ಣನಿಂದ ಮಾಡಿಸಿದನೆಂಬ ದೂರು, ತಾಯಂದಿರ ನಡುವೆಯೇ ಮುನಿಸು. ಅದರ ಬದಲು ಪ್ರತಿಯೊಬ್ಬರೂ ಉಳಿದೆಲ್ಲರ ಗೇಮ್ ಆಡಬೇಕು, ಪ್ರತಿ ಗೇಮ್ ಬಗ್ಗೆ ಇಷ್ಟವಾದ ಎರಡು ಸಂಗತಿ ಮತ್ತು ಉತ್ತಮಪಡಿಸಬಹುದಾದ ಒಂದು ಸಂಗತಿ ಬರೆಯಬೇಕು ಎಂಬ ನಿಯಮ ಮಾಡಿ. ‘ಚೆನ್ನಾಗಿಲ್ಲ’ ಎಂಬ ಒಂಟಿ ಮಾತಿಗೆ ಅಲ್ಲಿ ಜಾಗವಿಲ್ಲ. ನಗಿಸಿದ ಗೇಮ್, ಚಂದದ ಚಿತ್ರ, ಹೊಸ ಯೋಚನೆ ಎಂದು ಹಲವು ವಿಭಾಗಗಳಿರಲಿ. ಮುಗಿಸಿದವರಿಗೆಲ್ಲ ಪ್ರಮಾಣಪತ್ರವಿರಲಿ. ಕೊನೆಯ ರಾತ್ರಿ ವೀಡಿಯೋ ಕರೆಯಲ್ಲಿ ಪ್ರತಿ ಮಗು ತನ್ನ ಗೇಮನ್ನು ಐದು ನಿಮಿಷ ತೋರಿಸಲಿ. ಅಜ್ಜ ಅಜ್ಜಿ, ವಿದೇಶದಲ್ಲಿರುವ ತಂದೆ ಎಲ್ಲರೂ ನೋಡಲಿ.

ಒಂದು ವಾರದಲ್ಲಿ ಮಗು ಕಲಿಯುವುದೇನು? ಒಂದು ಕೆಲಸವನ್ನು ಹಿಡಿದು ಮುಗಿಸುವುದು, ತಪ್ಪಿದಲ್ಲಿಂದ ಮತ್ತೆ ಆರಂಭಿಸುವುದು, ಇನ್ನೊಬ್ಬರ ಶ್ರಮವನ್ನು ಗೌರವದಿಂದ ನೋಡುವುದು. ಕೈಯಲ್ಲಿರುವ ಗೇಮ್ ತನ್ನನ್ನು ಹಿಡಿದಿಡಲು ಏನೇನು ಉಪಾಯ ಮಾಡುತ್ತಿದೆ ಎಂಬುದು ಒಮ್ಮೆ ಗೇಮ್ ಕಟ್ಟಿದ ಮಗುವಿಗೆ ಅರ್ಥವಾಗತೊಡಗುತ್ತದೆ. ಪಾಸ್‌ವರ್ಡ್‌ಗಿಂತ ಆ ತಿಳಿವಳಿಕೆಯೇ ಬಲವಾದ ಬೀಗ.

ಇಂದೇ ನಾಲ್ಕು ತಾಯಂದಿರಿಗೆ ಫೋನ್ ಮಾಡಿ. ಐದಾರು ಮಕ್ಕಳಿದ್ದರೆ ಸಾಕು, ಮುಂದಿನ ಶುಕ್ರವಾರ ರಾತ್ರಿ ವಿಷಯ ಪ್ರಕಟಿಸಿಬಿಡಿ. ಹೆಸರು ಕೊಡುವವರ ಪಟ್ಟಿಯಲ್ಲಿ ಹೆಣ್ಣುಮಕ್ಕಳೆಷ್ಟು ಎಂದು ಮಾತ್ರ ಮೊದಲು ಎಣಿಸಿ ನೋಡಿ.